ಕಾರ್ಣಿಕದ ದಾಖಲೀಕರಣ ಮತ್ತು ಸ್ವಿಚರಿನ ದೂರನಿಯಂತ್ರಣ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳು ವೀರಗಾಸೆ, ಡೊಳ್ಳು ಕುಣಿತಗಳಂತಹ ಜನಪದ ಕಲೆಗಳಿಗೆ ನೆಲೆಯಾದ ಪ್ರದೇಶ. ಈ ಕಲೆಗಳನ್ನು ದಾಖಲಿಸುವಾಗ ಒಂದು ಭಾಗ ತಪ್ಪಿಹೋದರೆ ಕಲಾವಿದರನ್ನು ಕೋರಿ ಮತ್ತೊಮ್ಮೆ ಪಡೆಯಬಹುದು. ಕಡೂರು ತಾಲ್ಲೂಕಿನ ಬೀರೂರಿನಲ್ಲಿ ದಸರೆಯ ಸಂದರ್ಭದಲ್ಲಿ ನಡೆಯುವ ಮೈಲಾರಲಿಂಗಸ್ವಾಮಿಯ ಕಾರ್ಣಿಕಕ್ಕೆ ಈ ಅವಕಾಶವಿಲ್ಲ. ಅದು ಕೆಲವೇ ಕ್ಷಣಗಳಲ್ಲಿ ಹೊರಡುವ ನುಡಿ. ಮಳೆ, ಬೆಳೆ, ರಾಜಕಾರಣಗಳ ಮುನ್ಸೂಚನೆಯೆಂದು ಜನ ಅದನ್ನು ಅರ್ಥೈಸುವುದರಿಂದ ಒಂದು ಪದ ಕೇಳಿಸದೆ ಹೋದರೂ ದಾಖಲೆ ಊನವಾಗುತ್ತದೆ. ಇಂತಹ ಸಂದರ್ಭದಲ್ಲಿ ದೃಶ್ಯ-ಶ್ರವ್ಯ ಸ್ವಿಚರನ್ನು ದೂರದಿಂದ ನಿಯಂತ್ರಿಸುವ ಕ್ರಮವನ್ನು ಇಲ್ಲಿ ವಿವೇಚಿಸಲಾಗಿದೆ.

ಹಲವು ಕ್ಯಾಮೆರಾ ಹಾಗೂ ಮೈಕುಗಳಿಂದ ಬರುವ ಸಂಕೇತಗಳಲ್ಲಿ ಬೇಕಾದುದನ್ನು ಆಯ್ದು ರೆಕಾರ್ಡರಿಗೆ ಕಳುಹಿಸುವ ಸಾಧನವೇ ಸ್ವಿಚರ್. ತಂತಿ ಉದ್ದವಾದಷ್ಟೂ ದೃಶ್ಯಸಂಕೇತ ಕ್ಷೀಣಿಸುವುದರಿಂದ ಅದು ಕ್ಯಾಮೆರಾಗಳ ಸಮೀಪದಲ್ಲಿರುವುದು ಲೇಸು. ಆದರೆ ನಿರ್ವಾಹಕನು ಭಕ್ತರ ನಡುವೆ ನಿಂತರೆ ಆಚರಣೆಗೆ ಅಡ್ಡಿ. ಆದ್ದರಿಂದ ಯಂತ್ರ ಹತ್ತಿರವಿದ್ದು ಆಜ್ಞೆ ದೂರದಿಂದ ಬರಬೇಕಾಗುತ್ತದೆ.

ಆಜ್ಞೆಗೆ ಎರಡು ಮಾರ್ಗಗಳಿವೆ. ಮೊದಲನೆಯದು ಸೀರಿಯಲ್ ತಂತಿ. ಅಮೆರಿಕದಲ್ಲಿ 1960ರಲ್ಲಿ ರೂಪುಗೊಂಡ ಆರ್‌ಎಸ್-232 ಮಾನಕದ ವ್ಯಾಪ್ತಿ ಸಾಮಾನ್ಯವಾಗಿ ಸುಮಾರು 15 ಮೀಟರ್. ಆರ್‌ಎಸ್-422 ಕಡಿಮೆ ವೇಗದಲ್ಲಿ ಸುಮಾರು 1200 ಮೀಟರ್‌ವರೆಗೂ ತಲುಪುತ್ತದೆ. ಎರಡೂ ತುದಿಗಳಲ್ಲಿ ಸೆಕೆಂಡಿಗೆ 9600 ಬಿಟ್‌ಗಳಂತಹ ಒಂದೇ ವೇಗವನ್ನು ನಿಗದಿಪಡಿಸದಿದ್ದರೆ ಆಜ್ಞೆ ಅರ್ಥಹೀನ ಅಕ್ಷರಗಳಾಗುತ್ತದೆ. ಎರಡನೆಯದು ನೆಟ್‌ವರ್ಕ್. ಇದರಲ್ಲಿ ಸ್ವಿಚರಿನ ಐಪಿ ವಿಳಾಸಕ್ಕೆ, ಅನೇಕ ವೇಳೆ ಟೆಲ್ನೆಟ್‌ನ 23ನೆಯ ಪೋರ್ಟ್ ಮೂಲಕ, ಅದೇ ಅಕ್ಷರಗಳನ್ನು ಕಳುಹಿಸಲಾಗುತ್ತದೆ. ಟೆಲ್ನೆಟ್‌ನಲ್ಲಿ ಗೂಢಲಿಪಿಯ ರಕ್ಷಣೆಯಿಲ್ಲವಾದ್ದರಿಂದ ಈ ಜಾಲವನ್ನು ಸಾರ್ವಜನಿಕ ಜಾಲದಿಂದ ಪ್ರತ್ಯೇಕಿಸುವುದು ಅಗತ್ಯ. ನೆಟ್‌ವರ್ಕ್ ಕೈಕೊಟ್ಟಾಗ ಸೀರಿಯಲ್ ಮಾರ್ಗ ಆಸರೆಯಾಗಬಲ್ಲದು.

ಆಜ್ಞೆಗಳು ಅತಿ ಸಂಕ್ಷಿಪ್ತ. ಎಕ್ಸ್‌ಟ್ರಾನ್ ಸಂಸ್ಥೆಯ ಹಲವು ಸ್ವಿಚರುಗಳಲ್ಲಿ ‘2!’ ಎಂದರೆ ಎರಡನೆಯ ಇನ್‌ಪುಟ್‌ನ ಚಿತ್ರ ಮತ್ತು ಧ್ವನಿ; ‘2&’ ಎಂದರೆ ಚಿತ್ರ ಮಾತ್ರ; ‘2$’ ಎಂದರೆ ಧ್ವನಿ ಮಾತ್ರ. 9600ರ ವೇಗದಲ್ಲಿ ಈ ಎರಡು ಅಕ್ಷರಗಳು ತಲುಪಲು ಸುಮಾರು 2 ಮಿಲಿಸೆಕೆಂಡ್ ಸಾಕು. ಕಾರ್ಣಿಕದಂತಹ ಸಂದರ್ಭದಲ್ಲಿ ಇವುಗಳ ವ್ಯತ್ಯಾಸ ನಿರ್ಣಾಯಕ. ‘!’ ಬಳಸಿದರೆ ಚಿತ್ರದೊಡನೆ ಮೈಕೂ ಬದಲಾಗಿ ನುಡಿ ತುಂಡಾಗಬಹುದು. ‘&’ ಬಳಸಿದರೆ ಚಿತ್ರ ಬದಲಾದರೂ ಧ್ವನಿ ಒಂದೇ ಮೂಲದಿಂದ ಅಖಂಡವಾಗಿ ಹರಿಯುತ್ತದೆ.

ಆಜ್ಞೆ ಕ್ಷಿಪ್ರವಾಗಿ ತಲುಪಿದರೂ ಸಾಧಾರಣ ಸ್ವಿಚರುಗಳಲ್ಲಿ ಹೊಸ ಸಂಕೇತ ಸ್ಥಿರಗೊಳ್ಳುವವರೆಗೆ ಪರದೆ ಕ್ಷಣಕಾಲ ಬರಿದಾಗುತ್ತದೆ. ನುಡಿಯೇ ಆ ಕ್ಷಣದಲ್ಲಿ ಹೊರಡಬಹುದು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕದಲ್ಲಿ ಗೊರವಯ್ಯನ ‘ಸದ್ದಲೇ’ ಎಂಬ ಕೂಗಿಗೆ ಜನಸ್ತೋಮ ನಿಶ್ಶಬ್ದವಾಗುವುದು ಪ್ರಸಿದ್ಧ. ಎಲ್ಲಿಯೇ ಆಗಲಿ, ಅಂತಹ ಮೌನ ಆವರಿಸಿದ ಬಳಿಕ ಸ್ವಿಚರಿಗೂ ಆಜ್ಞೆ ಸಲ್ಲದು.

ಆಜ್ಞೆ ಕಳುಹಿಸಿದ ಮಾತ್ರಕ್ಕೆ ಕಾರ್ಯ ನೆರವೇರಿತೆಂದು ಭಾವಿಸಲಾಗದು. ಸ್ವಿಚರ್ ತಾನು ಆಯ್ದ ಇನ್‌ಪುಟ್‌ನ ಸಂಖ್ಯೆಯನ್ನು ಮರುನುಡಿಯುತ್ತದೆ. ಇಲ್ಲದ ಇನ್‌ಪುಟ್ ಕೇಳಿದರೆ ದೋಷಸಂಕೇತ ನೀಡುತ್ತದೆ. ಈ ಪ್ರತ್ಯುತ್ತರವನ್ನು ಓದಿದ ನಂತರವೇ ಮುಂದಿನ ಆಜ್ಞೆ ನೀಡುವುದು ಯುಕ್ತ.

ಸಂಶೋಧನೆಯ ದೃಷ್ಟಿಯಿಂದ ಇನ್ನೊಂದು ಅಂಶ ಗಮನಾರ್ಹ. ಗೊರವಯ್ಯನ ಮುಖವನ್ನು ತೋರಿಸುವುದೋ, ಕೇಳುವ ಜನರನ್ನು ತೋರಿಸುವುದೋ ಎಂಬ ಪ್ರತಿ ಆಯ್ಕೆಯೂ ಒಂದು ವ್ಯಾಖ್ಯಾನ. ಆಜ್ಞೆ ಮತ್ತು ಪ್ರತ್ಯುತ್ತರಗಳನ್ನು ಸಮಯಸಹಿತ ಕಡತವಾಗಿ ಉಳಿಸಿ, ಪ್ರತಿ ಕ್ಯಾಮೆರಾದ ಮೂಲ ಮುದ್ರಿಕೆಯನ್ನೂ ಅದರೊಡನೆ ಸಂರಕ್ಷಿಸಿದಲ್ಲಿ ನಿರ್ವಾಹಕನ ಆಯ್ಕೆ ಮುಂದಿನ ವಿದ್ವಾಂಸರ ಪರಿಶೀಲನೆಗೆ ತೆರೆದಿರುತ್ತದೆ. ಗ್ರಂಥಾಲಯಗಳು ಧ್ವನಿ-ಚಿತ್ರಗಳೊಡನೆ ಈ ಕಡತವನ್ನೂ ದಾಖಲೆಯ ಅವಿಭಾಜ್ಯ ಭಾಗವೆಂದು ಸ್ವೀಕರಿಸುವುದು ಉಚಿತ.