ಸರ್ಟಿಫಿಕೇಟ್ ಬಂತು, ಬಂದೂಕ ಎಲ್ಲಿ?

ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿಗೆ ಅರ್ಜಿ ಕರೆದರೆ ಸಾಕು, ಚಹಾದಂಗಡಿಯಲ್ಲಿ ಎರಡು ದಿನ ಅದೇ ಮಾತು. ಸಿರುಗುಪ್ಪದ ಭತ್ತದ ರೈತನಿರಲಿ, ಕುರುಗೋಡಿನ ಗುತ್ತಿಗೆದಾರನಿರಲಿ, ಬಳ್ಳಾರಿಯಲ್ಲಿ ಡಿಗ್ರಿ ಮುಗಿಸಿ ಕೂತ ಹುಡುಗನಿರಲಿ, ಮೊದಲ ಪ್ರಶ್ನೆ ಒಂದೇ: "ಟ್ರೇನಿಂಗ್ ಮುಗದಮ್ಯಾಗ ಬಂದೂಕ ಯಾವಾಗ ಕೊಡ್ತಾರ್ರೀ?"

ಕೊಡುವುದಿಲ್ಲ. ಆ ಶಿಬಿರದ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ಇದೇ ಹಿರಿಯಣ್ಣ, ಉಳಿದವೆಲ್ಲ ಇದರ ಬೆನ್ನಿಗೆ ಹುಟ್ಟಿದವು.

ತರಬೇತಿ ಬೇರೆ, ಲೈಸೆನ್ಸ್ ಬೇರೆ. ಲೈಸೆನ್ಸ್ ಕೊಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ. ಜಿಲ್ಲೆಯಲ್ಲಿ ಆ ಅಧಿಕಾರ ಇರುವುದು ಜಿಲ್ಲಾಧಿಕಾರಿಗೆ, ಅಂದರೆ ಜಿಲ್ಲಾ ದಂಡಾಧಿಕಾರಿಗೆ. ಪೊಲೀಸರದು ವಿಚಾರಣೆ ಮಾಡಿ ವರದಿ ಕೊಡುವ ಕೆಲಸ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು, ಬಂದೂಕು ಯಾಕೆ ಬೇಕು ಎನ್ನುವುದಕ್ಕೆ ಗಟ್ಟಿ ಕಾರಣ ಇರಬೇಕು. "ನನಗೂ ಒಂದು ಇರ್ಲಿ" ಎನ್ನುವುದು ಕಾರಣವಲ್ಲ.

ಹಾಗಾದರೆ ತರಬೇತಿ ದಂಡವೇ? ಅದೂ ಅಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಲೈಸೆನ್ಸ್ ಬೇಡುವವನು ಸುರಕ್ಷತಾ ತರಬೇತಿ ಪಡೆದಿರಬೇಕು ಎನ್ನುತ್ತವೆ. ಅದಕ್ಕೊಂದು ನಮೂನೆಯೂ ಉಂಟು: ಎಸ್-1. ಆದ್ದರಿಂದ ಲೈಸೆನ್ಸ್ ಮನಸ್ಸಿನಲ್ಲಿಟ್ಟುಕೊಂಡು ಸೇರುವವರು, ಕೊಡುವ ಪ್ರಮಾಣಪತ್ರ ಆ ನಮೂನೆಯದೇ, ಅಥವಾ ಬರೀ ಭಾಗವಹಿಸಿದ್ದಕ್ಕೆ ಕೊಡುವ ಕಾಗದವೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಎಸ್-1 ಇದ್ದರೂ ಅದು ಅರ್ಜಿಗೆ ಲಗತ್ತಿಸುವ ಒಂದು ಹಾಳೆ, ಅಷ್ಟೇ. ಡ್ರೈವಿಂಗ್ ಕಲಿತವನಿಗೆಲ್ಲ ಆರ್‌ಟಿಒ ಕಾರು ಕೊಡಿಸುವುದಿಲ್ಲವಲ್ಲ.

ಇಲ್ಲೊಂದು ತಮಾಷೆಯೂ ಇದೆ. ಶಿಬಿರದಲ್ಲಿ .303 ರೈಫಲ್ ಹಿಡಿಯುವ ಯೋಗ ಬಂದರೆ ಎಲ್ಲರೂ ಮೊದಲು ಫೋಟೊ ತೆಗೆಸಿಕೊಳ್ಳುತ್ತಾರೆ. ಸುಮಾರು ನಾಲ್ಕು ಕಿಲೊ ತೂಕ, ಮರದ ಬಟ್, ಒಂದೊಂದು ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕಾದ ಹಳೆಯ ಗಟ್ಟಿ ಜೀವ. "ಇಂಥದ್ದೇ ಒಂದು ತಗೋಬೇಕು" ಎಂಬ ಮಾತು ಅಲ್ಲಿಯೇ ಹುಟ್ಟುತ್ತದೆ. ಆದರೆ ಸೇನೆ, ಪೊಲೀಸ್ ಪಡೆಗಳ ಗುಂಡು ಹಿಡಿಯುವ .303 ಅಳತೆ ನಿರ್ಬಂಧಿತ ವರ್ಗಕ್ಕೆ ಸೇರಿದ್ದು, ಅದರ ಲೈಸೆನ್ಸ್ ಜಿಲ್ಲಾಧಿಕಾರಿಯ ಕೈಯಲ್ಲೇ ಇಲ್ಲ. ಕೇಂದ್ರ ಗೃಹ ಸಚಿವಾಲಯದವರೆಗೆ ಹೋಗಬೇಕು. ನೀವು ಹಿಡಿದು ಕಲಿತ ಬಂದೂಕು ನಿಮ್ಮ ಮನೆಗೆ ಬರುವ ಸಂಭವ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದಾಯಿತು.

"ಹೊಲಕ್ಕ ಹಂದಿ ಬರ್ತಾವ, ಕಲ್ತ್ರ ಹೊಡೀಬಹುದು." ರೈತರು ಹೇಳುವ ಈ ಮಾತಿಗೆ ನಗುವಂತಿಲ್ಲ. ಒಂದೇ ರಾತ್ರಿಗೆ ಬೆಳೆ ಉರುಳಿಸಿ ಹೋಗುವ ಹಂದಿ ಹಿಂಡಿನ ಎದುರು ತಮಟೆ, ಪಟಾಕಿ ಸಾಲದು ಎಂಬ ಅವರ ಸಂಕಟ ನಿಜ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೇಳಲು ಕಾಯ್ದೆಯಲ್ಲೇ ದಾರಿ ಇದೆ. ಆದರೆ ಕಾಯ್ದೆ ಅಲ್ಲಿ ಹೆಸರಿಸುವುದು ನಳಿಕೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು. ರಕ್ಷಣೆಗೆ, ಆಟಕ್ಕೆ ಎಂದು ಕೇಳುವವರಿಗೆ ನಯ ನಳಿಕೆಯ ಬಂದೂಕನ್ನು. ರೈಫಲ್ ಎಂದರೆ ನಳಿಕೆಯ ಒಳಗೆ ಸುರುಳಿ ಗೀರು ಕೊರೆದದ್ದು. ಆ ಗೀರು ಗುಂಡನ್ನು ಬುಗುರಿಯಂತೆ ತಿರುಗಿಸಿ ಕಳಿಸುತ್ತದೆ, ಅದಕ್ಕೇ ಅದು ದೂರ ಹೋಗುತ್ತದೆ, ನೇರ ಹೋಗುತ್ತದೆ. ಎರಡಕ್ಕೂ ನಾವು ಒಟ್ಟಾಗಿ "ಬಂದೂಕ" ಎಂದುಬಿಡುತ್ತೇವೆ.

ಇನ್ನು ಲೈಸೆನ್ಸ್ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಅದು ಬಂದೂಕು ಇಟ್ಟುಕೊಳ್ಳಲು ಅನುಮತಿ, ಪ್ರಾಣಿ ಕೊಲ್ಲಲು ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೊಂದು ಕಡೆ ಕಾದು ಕೂತಿರುತ್ತದೆ. ನಿಂತ ಬೆಳೆಗೆ ಹಾನಿ ಮಾಡುವ ಪ್ರಾಣಿಯನ್ನು ಹೊಡೆಯುವುದಕ್ಕೂ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ಆ ಕಾಗದವಿಲ್ಲದೆ ಹಂದಿ ಹೊಡೆದವನು ಹೊಲ ಉಳಿಸಿಕೊಂಡು ಕೋರ್ಟಿಗೆ ಅಲೆಯುತ್ತಾನೆ.

ನಮ್ಮ ನೆಲದ ಗುಣವನ್ನೂ ಇಲ್ಲಿ ಹೇಳಬೇಕು, ಯಾಕೆಂದರೆ ಪುಸ್ತಕದಲ್ಲಿ ಇದು ಹೀಗೆ ಬರುವುದಿಲ್ಲ. ಸಿರುಗುಪ್ಪದ ಕಡೆ ತುಂಗಭದ್ರೆಯ ನೀರು ನಿಂತ ಗದ್ದೆ, ಕಣ್ಣು ಹಾಯಿಸಿದಷ್ಟೂ ಸಪಾಟು. ಕುರುಗೋಡಿನ ಸುತ್ತ ಬಂಡೆಗುಡ್ಡ. ಗುಂಡು ನೀರಿಗೆ ಬಿದ್ದರೆ ಮುಳುಗುತ್ತದೆ, ಬಂಡೆಗೆ ಬಡಿದರೆ ಪುಡಿಯಾಗುತ್ತದೆ ಎಂದು ತಿಳಿದವರು ಬಹಳ. ಹುಡುಗರು ಕೆರೆಗೆ ಚಪ್ಪಟೆ ಕಲ್ಲು ಬೀಸಿದರೆ ಅದು ನೀರ ಮೇಲೆ ಪುಟಿದು ಪುಟಿದು ಹೋಗುತ್ತದಲ್ಲ, ಓರೆಯಾಗಿ ಬಂದ ಗುಂಡೂ ಹಾಗೆಯೇ ಪುಟಿಯುತ್ತದೆ. ಬಂಡೆಯಿಂದಲೂ ಪುಟಿಯುತ್ತದೆ, ಯಾವ ಕಡೆಗೆ ಎಂದು ಹೊಡೆದವನೂ ಹೇಳಲಾರ. ಅತಿ ಸಣ್ಣದು ಎನ್ನುವ .22 ಗುಂಡು ಕೂಡ ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರ್ ದಾಟುತ್ತದೆ. ಫೈರಿಂಗ್ ರೇಂಜಿನಲ್ಲಿ ಟಾರ್ಗೆಟ್ ಹಿಂದೆ ಎತ್ತರಕ್ಕೆ ಮಣ್ಣಿನ ದಿಬ್ಬ ಇರುವುದು ಇದಕ್ಕೇ. ಮಣ್ಣು ಗುಂಡನ್ನು ನುಂಗುತ್ತದೆ.

ಆಕಾಶಕ್ಕೆ ಹೊಡೆದರೆ ಯಾರಿಗೂ ತೊಂದರೆ ಇಲ್ಲ ಎಂಬುದಕ್ಕೆ ಹೆಚ್ಚು ಮಾತು ಬೇಡ. ಮೇಲೆ ಹೋದದ್ದು ಕೆಳಗೆ ಬರುತ್ತದೆ, ಜನ ಸತ್ತದ್ದಿದೆ. ಮದುವೆ, ಮೆರವಣಿಗೆಯ ಸಂಭ್ರಮಕ್ಕೆ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು 2019ರ ತಿದ್ದುಪಡಿ ಹೇಳಿದೆ. ಅದೇ ತಿದ್ದುಪಡಿ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು.

ಈಗ ಮೈದಾನಕ್ಕೆ ಬರೋಣ. ಮೊದಲ ದಿನವೇ ಢಂ ಢಂ ಎನ್ನಿಸಬಹುದೆಂದು ಬಂದವರಿಗೆ ನಿರಾಸೆ ಖಾತ್ರಿ. ಕೈಗೆ ಬರುವುದು ಖಾಲಿ ರೈಫಲ್. ಭಾಗಗಳ ಹೆಸರು, ಬಿಚ್ಚುವುದು, ಜೋಡಿಸುವುದು, ಒಳಗೆ ಗುಂಡಿಲ್ಲವೆಂದು ಕಣ್ಣಿಂದ ನೋಡಿ ಬೆರಳಿಂದ ಮುಟ್ಟಿ ಖಚಿತ ಮಾಡಿಕೊಳ್ಳುವುದು, ಇಷ್ಟರಲ್ಲೇ ಹೊತ್ತು ಹೋಗುತ್ತದೆ. ನಳಿಕೆ ಯಾವಾಗಲೂ ಟಾರ್ಗೆಟ್ ಕಡೆಗೆ. ಹೊಡೆಯುವ ಕ್ಷಣದವರೆಗೂ ಬೆರಳು ಟ್ರಿಗರ್‌ನಿಂದ ಹೊರಗೆ. ಪಕ್ಕದವನನ್ನು ಮಾತಾಡಿಸಲು ರೈಫಲ್ ಸಮೇತ ತಿರುಗಿದವನಿಗೆ ಬೀಳುವ ಬೈಗುಳವನ್ನು ಇಡೀ ಮೈದಾನ ಕೇಳುತ್ತದೆ. ಬೈಯಬೇಕಾದದ್ದೇ.

"ಒದೆತಕ್ಕೆ ಭುಜ ಮುರೀತದ" ಎಂದು ಹಿಂದೆ ಸರಿಯುವವರಿದ್ದಾರೆ, ಹೆಣ್ಣುಮಕ್ಕಳಿಗೆ ಆಗದ ಕೆಲಸ ಎನ್ನುವವರೂ ಇದ್ದಾರೆ. .22 ರೈಫಲ್ ಒದೆಯುವುದೇ ಇಲ್ಲ ಎನ್ನಬಹುದು. .303 ಒದೆಯುವುದು ನಿಜ, ಆದರೆ ನೋವಾಗುವುದು ಹೆದರಿ ಬಟ್ಟನ್ನು ಸಡಿಲ ಹಿಡಿದವನಿಗೆ. ಭುಜದ ಗುಂಡಿಗೆ ಬಿಗಿಯಾಗಿ ಒತ್ತಿದರೆ ಏಟು ಮೈತುಂಬ ಹಂಚಿಹೋಗುತ್ತದೆ. ಬಲಾಢ್ಯನಿಗಿಂತ ಅಲುಗಾಡದೆ ಮಲಗಬಲ್ಲವನಿಗೆ ಇಲ್ಲಿ ಮಾರ್ಕು ಹೆಚ್ಚು. ಮಲಗಿ, ಮಂಡಿಯೂರಿ, ನಿಂತು ಹೊಡೆಯುವ ಮೂರು ಭಂಗಿಗಳನ್ನು ಸೇರಿಸಿಯೇ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಸ್ಪರ್ಧೆ ಇದೆ. 2024ರಲ್ಲಿ ಅದರಲ್ಲಿ ಕಂಚು ತಂದವರು ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ, ರೈಲ್ವೆಯಲ್ಲಿ ಟಿಕೆಟ್ ನೋಡುವ ಕೆಲಸದಲ್ಲಿದ್ದವರು. ಹಿಡಿದದ್ದು .22 ರೈಫಲ್.

ಗುರಿಯ ವಿಷಯದಲ್ಲಿ ನಂಬಿಕೆ ಇನ್ನೂ ಗಟ್ಟಿ: ಕಣ್ಣು ಟಾರ್ಗೆಟ್ ಮೇಲೆ ನೆಟ್ಟಿರಬೇಕು. ಅಲ್ಲ, ನೆಡಬೇಕಾದದ್ದು ನಳಿಕೆಯ ತುದಿಯ ಮುಳ್ಳಿನ ಮೇಲೆ. ಟಾರ್ಗೆಟ್ ಸ್ವಲ್ಪ ಮಸುಕಾಗಿಯೇ ಕಾಣಬೇಕು. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಹಿಂದಿನ ಸೈಟ್‌ಗೂ ಮುಂದಿನ ಮುಳ್ಳಿಗೂ ಅರ್ಧ ಮೀಟರ್ ಅಂತರ ಇದೆಯೆನ್ನಿ. ಮುಳ್ಳು ಒಂದೇ ಒಂದು ಮಿಲಿಮೀಟರ್ ಸರಿದರೆ 25 ಮೀಟರ್ ದೂರದಲ್ಲಿ ಗುಂಡು 5 ಸೆಂಟಿಮೀಟರ್ ತಪ್ಪುತ್ತದೆ, 100 ಮೀಟರ್‌ನಲ್ಲಿ ಒಂದು ಗೇಣು. ಉಸಿರು ಅರ್ಧ ಬಿಟ್ಟು ತಡೆ, ಟ್ರಿಗರ್ ಎಳೆಯಬೇಡ, ಹಿಂಡು ಎಂದು ಕಲಿಸುವವರು ಬಾಯಿ ನೋಯುವಷ್ಟು ಹೇಳುವುದು ಈ ಒಂದು ಮಿಲಿಮೀಟರಿಗಾಗಿ. ಬಳ್ಳಾರಿಯ ಬಿಸಿಲು ಬೇರೆ ಇದೆ. ಹೊತ್ತೇರಿದ ಮೇಲೆ ನೆಲದಿಂದ ಬಿಸಿಲ್ಗುದುರೆ ಎದ್ದು ಟಾರ್ಗೆಟ್ಟೇ ಕುಣಿಯತೊಡಗುತ್ತದೆ, ಬೆಳಗಿನ ಜಾವವೇ ಮೈದಾನದಲ್ಲಿ ಇರಬೇಕು. ಸಿರುಗುಪ್ಪದಿಂದ ಬರುವವರು ಮೊದಲ ಬಸ್ಸು ಹಿಡಿಯುವ ತಯಾರಿಯಲ್ಲಿರಲಿ.

ಏರ್‌ಗನ್ ಆಟಿಕೆ ಎಂಬ ಮಾತೂ ಕೇಳುತ್ತೇನೆ. .177 ಅಳತೆ ಮೀರದ, 20 ಜೂಲ್‌ಗಿಂತ ಹೆಚ್ಚು ಶಕ್ತಿಯಿಲ್ಲದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಬೇಡ ಎಂದ ಮಾತ್ರಕ್ಕೆ ಕಣ್ಣು ಕಳೆಯುವ ಶಕ್ತಿ ಅದಕ್ಕಿಲ್ಲ ಎಂದಲ್ಲ.

ಫೈರಿಂಗ್ ಮುಗಿದ ಮೇಲೆ ಮನೆಗೆ ಓಡುವಂತಿಲ್ಲ. ಎಷ್ಟು ರೌಂಡ್ ಕೊಟ್ಟಿದ್ದರೋ ಅಷ್ಟು ಖಾಲಿ ಕೇಸ್ ವಾಪಸ್ ಎಣಿಸಿ ಕೊಡಬೇಕು. ಇಲ್ಲಿ ಕೇಸ್ ಎಂದರೆ ಕೋರ್ಟಿನದಲ್ಲ, ಗುಂಡು ಹೋದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆ. ಒಂದು ಕಡಿಮೆ ಬಿತ್ತೋ, ರೈತ, ಗುತ್ತಿಗೆದಾರ, ಡಿಗ್ರಿ ಹುಡುಗ ಎಲ್ಲರೂ ಕುಕ್ಕುರುಗಾಲಲ್ಲಿ ಹುಲ್ಲು ಕೆದಕುತ್ತ ಅದನ್ನು ಹುಡುಕಬೇಕು, ಸಿಗುವವರೆಗೆ.