ಎಂಜಿನ್ನಿಗೂ ಉಸಿರು ಬೇಕು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಹಳೆಯ ಕಾರುಗಳು ಇನ್ನೂ ಓಡುತ್ತಿವೆ. ನನ್ನಂಥ ಪಿಂಚಣಿದಾರರು ಅವನ್ನು ಮನೆಯ ಹಸುವಿನಂತೆ ಸಾಕುತ್ತಾರೆ. ಅಂಥ ಕಾರು ನಿಂತ ಕಡೆ ನೆಲದ ಮೇಲೆ ಕಪ್ಪು ಎಣ್ಣೆಯ ಬೊಟ್ಟು ಕಂಡರೆ ಬರುವ ಮೊದಲ ಮಾತು, "ಗ್ಯಾಸ್ಕೆಟ್ ಹೋಗಿದೆ, ಹೊಸದು ಹಾಕಿಸಿ." ಹಾಕಿಸಿದ ಮೇಲೂ ಎಣ್ಣೆ ತೊಟ್ಟಿಕ್ಕಿದರೆ? ಎಷ್ಟೋ ಸಲ ತೊಂದರೆ ಗ್ಯಾಸ್ಕೆಟ್ಟಿನದಲ್ಲ, ಎಂಜಿನ್ನಿನ ಉಸಿರು ಕಟ್ಟಿರುತ್ತದೆ.

ಮಕ್ಕಳೇ, ಅಡುಗೆಮನೆಯ ಕುಕ್ಕರನ್ನು ನೆನಪು ಮಾಡಿಕೊಳ್ಳಿ. ಒಳಗೆ ಹಬೆ ಹೆಚ್ಚಿದಾಗ ಮೇಲಿನ ವೆಯ್ಟ್ ಎದ್ದು ಸೀಟಿ ಹೊಡೆಯುತ್ತದೆ. ಆ ದಾರಿ ಕಟ್ಟಿಕೊಂಡರೆ ಹಬೆ ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಸಿಲಿಂಡರಿನೊಳಗೆ ಪೆಟ್ರೋಲ್ ಉರಿದಾಗ ಆ ಅನಿಲ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ನಿನ ಸುತ್ತ ರಿಂಗುಗಳಿದ್ದರೂ ಸ್ವಲ್ಪ ಅನಿಲ ಪಕ್ಕದಿಂದ ನುಸುಳಿ ಕೆಳಗಿನ ಎಣ್ಣೆಯ ಕೋಣೆಗೆ ಇಳಿಯುತ್ತದೆ. ಆ ಕೋಣೆಯ ಹೆಸರೇ ಕ್ರ್ಯಾಂಕ್‌ಕೇಸ್. ಹೊಸ ಎಂಜಿನ್ನಿನಲ್ಲೂ ಇದು ತಪ್ಪದು.

ಆ ಅನಿಲದ ಜೊತೆ ನೀರಿನ ಆವಿಯೂ ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ನನ್ನ ಮೊಮ್ಮಗಳು ನಂಬಲೇ ಇಲ್ಲ! ಬಹುಪಾಲು ನೀರು ಆವಿಯಾಗಿ ಹಿಂದಿನ ಹೊಗೆ ಕೊಳವೆಯಿಂದ ಹೋಗುತ್ತದೆ. ಒಳಗೆ ಸಿಕ್ಕಿಬಿದ್ದದ್ದು ಎಣ್ಣೆಯೊಂದಿಗೆ ಸೇರಿ ಜಿಡ್ಡಾಗುತ್ತದೆ. ಬೆಳಗ್ಗೆ ದೇವಸ್ಥಾನ, ಸಂಜೆ ಮಾರ್ಕೆಟ್ಟು ಎಂದು ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಆಗ ಎಣ್ಣೆ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿಹಳದಿ ಪದಾರ್ಥ ಕಾಣಬಹುದು.

ಹಿಂದೆ ಈ ಅನಿಲವನ್ನು ಒಂದು ಕೊಳವೆಯಿಂದ ರಸ್ತೆಗೇ ಬಿಡುತ್ತಿದ್ದರು. ಅಮೆರಿಕದ ಲಾಸ್ ಏಂಜಲೀಸ್ ಹೊಗೆಮಂಜಿನಲ್ಲಿ ಮುಳುಗಿದಾಗ, ಅದಕ್ಕೆ ವಾಹನಗಳ ಹೊಗೆ ಹೇಗೆ ಕಾರಣ ಎಂಬುದನ್ನು 1950ರ ದಶಕದಲ್ಲಿ ಆರಿ ಹಾಗನ್‌ಸ್ಮಿಟ್ ಎಂಬ ರಸಾಯನ ವಿಜ್ಞಾನಿ ತೋರಿಸಿಕೊಟ್ಟರು. ಕ್ರ್ಯಾಂಕ್‌ಕೇಸಿನ ಅನಿಲವೂ ಅದರಲ್ಲಿ ಪಾಲುದಾರ ಎಂದು ತಿಳಿಯಿತು. ಕ್ಯಾಲಿಫೋರ್ನಿಯಾದ 1961ರ ಮಾದರಿಯ ಕಾರುಗಳಿಂದ ಅದನ್ನು ಮತ್ತೆ ಎಂಜಿನ್ನಿಗೇ ಎಳೆದು ಸುಡುವ ಏರ್ಪಾಡು ಬಂತು. ಅದರ ಮುಖ್ಯ ಭಾಗವೇ ಹೆಬ್ಬೆರಳು ಗಾತ್ರದ ಪಿಸಿವಿ ವಾಲ್ವ್.

ಅದರೊಳಗೆ ಒಂದು ಸ್ಪ್ರಿಂಗ್, ಒಂದು ಸಣ್ಣ ಬೆಣೆ. ಎಂಜಿನ್ ನಿಧಾನವಾಗಿ ತಿರುಗುವಾಗ ಅದರ ಎಳೆತ ಜೋರು. ಬೆಣೆ ಮುಂದೆ ಸರಿದು ದಾರಿ ಕಿರಿದಾಗುತ್ತದೆ. ಸಾವನದುರ್ಗದ ಕಡೆ ಏರು ಹತ್ತುವಾಗ ಎಳೆತ ಕಡಿಮೆ, ನುಸುಳುವ ಅನಿಲ ಹೆಚ್ಚು. ಆಗ ಸ್ಪ್ರಿಂಗ್ ಬೆಣೆಯನ್ನು ಹಿಂದೆ ತಳ್ಳಿ ದಾರಿ ಅಗಲ ಮಾಡುತ್ತದೆ.

ನನ್ನ ಹಳೆಯ ಪೆಟ್ರೋಲ್ ಕಾರಿಗೆ ಎರಡು ಸಲ ಗ್ಯಾಸ್ಕೆಟ್ ಹಾಕಿದರೂ ಸೋರಿಕೆ ನಿಲ್ಲಲಿಲ್ಲ. ಕೊನೆಗೆ ಚನ್ನಪಟ್ಟಣದ ಹಿರಿಯ ಮೆಕ್ಯಾನಿಕ್ ಒಬ್ಬರು ಈ ವಾಲ್ವನ್ನು ಬಿಚ್ಚಿ ನನ್ನ ಕಿವಿಯ ಬಳಿ ಅಲ್ಲಾಡಿಸಿದರು. "ಕೇಳಿ ಯಜಮಾನ್ರೇ, ನಮ್ಮೂರ ಗಿಲಕಿ ಥರ ಸದ್ದು ಬರಬೇಕು. ಇದು ಮೂಕಾಗಿದೆ" ಎಂದರು. ಒಳಗೆಲ್ಲ ಜಿಡ್ಡು. ಹೊಸ ವಾಲ್ವಿನ ಬೆಲೆ ಗ್ಯಾಸ್ಕೆಟ್ ಕೆಲಸದ ಕೂಲಿಗಿಂತ ಕಡಿಮೆ. ಅಂದಿನಿಂದ ಅಂಗಳ ಒಣಗಿದೆ.

ಹೊಸದನ್ನು ಆರಿಸುವಾಗ ನೆನಪಿಡಬೇಕಾದ್ದು ಇಷ್ಟು. ಮೊದಲನೆಯದು ನಂಬರು. ನೋಡಲು ಒಂದೇ ಥರ ಇರುವ ಎರಡು ವಾಲ್ವುಗಳ ಸ್ಪ್ರಿಂಗ್ ಬೇರೆ ಬೇರೆ ಇರಬಹುದು. ಹೆಚ್ಚು ಗಾಳಿ ಬಿಡುವುದನ್ನು ಹಾಕಿದರೆ ಎಂಜಿನ್ ನಿಂತಲ್ಲಿ ತಡವರಿಸುತ್ತದೆ. ಕಡಿಮೆ ಬಿಡುವುದನ್ನು ಹಾಕಿದರೆ ಒಳಗೆ ಒತ್ತಡ ಕೂಡುತ್ತದೆ. ಬ್ಯಾಂಕಿನಲ್ಲಿ ಖಾತೆಯ ಒಂದು ಅಂಕಿ ತಪ್ಪಿದರೆ ಹಣ ಪಕ್ಕದವರಿಗೆ ಹೋದಂತೆ! ಆದ್ದರಿಂದ ಆರ್‌ಸಿ ಪುಸ್ತಕದಲ್ಲಿರುವ ಎಂಜಿನ್ ನಂಬರು, ಚಾಸಿ ನಂಬರು, ತಯಾರಾದ ವರ್ಷ ತೋರಿಸಿ ಪಾರ್ಟ್ ನಂಬರ್ ತಾಳೆ ನೋಡಿ. ಹಳೆಯದನ್ನೂ ಅಂಗಡಿಗೆ ಒಯ್ಯಿರಿ.

ಎರಡನೆಯದು ಪೈಪು. ವಾಲ್ವಿನ ಪೈಪು ಎಣ್ಣೆ, ಬಿಸಿ, ಎಳೆತ ಮೂರನ್ನೂ ತಡೆಯುವ ರಬ್ಬರಿನದಾಗಿರಬೇಕು. ತೋಟಕ್ಕೆ ನೀರು ಹಾಯಿಸುವ ಪೈಪಿನ ತುಂಡು ಮೆತ್ತಗಾಗಿ ಒಳಗೇ ಮಡಚಿಕೊಳ್ಳುತ್ತದೆ. ಏರ್ ಫಿಲ್ಟರಿನಿಂದ ಶುದ್ಧ ಗಾಳಿ ತರುವ ಇನ್ನೊಂದು ಪೈಪನ್ನೂ ನೋಡಿ. ವಾಲ್ವ್ ಕೂರುವ ರಬ್ಬರ್ ಬಳೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ. ಅದು ಬಿರುಕು ಬಿಟ್ಟಿದ್ದರೆ ಹೊಸ ವಾಲ್ವೂ ವ್ಯರ್ಥ.

ಮೂರನೆಯದು, ಡೀಸೆಲ್ ಕಾರಿನ ಲೆಕ್ಕ ಬೇರೆ. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2000ದಲ್ಲಿ ರಸ್ತೆಗಿಳಿದ ಕ್ವಾಲಿಸ್ ಆಗಲಿ, 2005ರಲ್ಲಿ ಬಂದ ಇನ್ನೋವಾ ಆಗಲಿ, ಡೀಸೆಲ್ ಎಂಜಿನ್ನಿನವಾದರೆ ಪೆಟ್ರೋಲ್ ಕಾರಿನ ವಾಲ್ವ್ ಅವಕ್ಕೆ ಹೊಂದದು. ಅನಿಲದಿಂದ ಎಣ್ಣೆಯ ಹನಿ ಬೇರ್ಪಡಿಸುವ ಭಾಗ ಹಲವು ಡೀಸೆಲ್ ಎಂಜಿನ್ನುಗಳಲ್ಲಿ ಇರುತ್ತದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ವಾಲ್ವ್ ಎಂಜಿನ್ನಿನ ಮೇಲ್ಮುಚ್ಚಳದೊಳಗೇ ಕೂತಿರುತ್ತದೆ.

"ಪೈಪು ಕಿತ್ತು ಕೆಳಗೆ ಬಿಟ್ಟುಬಿಡಿ, ಏನೂ ಆಗಲ್ಲ" ಎನ್ನುವವರಿದ್ದಾರೆ. ಒಪ್ಪಬೇಡಿ. ಆ ಹೊಗೆ ಶಾಲೆಗೆ ನಡೆದುಹೋಗುವ ಮಕ್ಕಳ ಮೂಗಿಗೇ ಬರುತ್ತದೆ. ಬಾಯಿಗೆ ಬಿರಡೆ ಜಡಿಯುವುದಂತೂ ಇನ್ನೂ ಕೆಟ್ಟದ್ದು.

ವಾಲ್ವ್ ಸರಿಯಿದ್ದೂ ಎಂಜಿನ್ ಹೊಗೆಯಾಡುತ್ತಿದ್ದರೆ ರಿಂಗುಗಳು ಸವೆದಿರಬಹುದು. ಅದಕ್ಕೆ ಈ ಮದ್ದು ಸಾಲದು. ಮಕ್ಕಳೇ, ಎಂಜಿನ್ ಓಡುವಾಗ ಅಥವಾ ಬಿಸಿಯಿರುವಾಗ ಬಾನೆಟ್ಟಿನೊಳಗೆ ಕೈ ಹಾಕಬೇಡಿ. ಕಾರು ಸರ್ವಿಸ್‌ಗೆ ಹೋದಾಗ ತಾತನ ಜೊತೆ ಹೋಗಿ ಒಂದೇ ಪ್ರಶ್ನೆ ಕೇಳಿ: "ಅಂಕಲ್, ಪಿಸಿವಿ ವಾಲ್ವ್ ಅಲ್ಲಾಡಿಸಿ ನೋಡಿದ್ರಾ?"