ದೇವಕಣಗಿಲೆಯ ಗುರುತು ಮತ್ತು ಅದರ ಕಡ್ಡಿ ನೆಡುವ ಕ್ರಮ

ಸಂತೆಮರಹಳ್ಳಿಯ ಸುತ್ತಣ ಗ್ರಾಮಗಳಲ್ಲಿ ದೇವಸ್ಥಾನದ ಅಂಗಳಕ್ಕೂ ಶಾಲೆಯ ಮುಂದಣ ಬಯಲಿಗೂ ಒಪ್ಪತಕ್ಕ, ಹೆಚ್ಚು ನೀರನ್ನು ಬೇಡದ ಅಲಂಕಾರವೃಕ್ಷವು ದೇವಕಣಗಿಲೆ. ಇದನ್ನು ಹಾಲುಸಂಪಿಗೆಯೆಂದೂ ಕರೆಯುವರು. ಹೆಸರು ಹೀಗಿದ್ದರೂ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡಸಂಪಿಗೆಯ ಜಾತಿಗೂ ಇದಕ್ಕೂ ಸಂಬಂಧವಿಲ್ಲ. ಇದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಫ್ರಾನ್ಸಿನ ಸಸ್ಯಶಾಸ್ತ್ರಜ್ಞನಾದ ಪ್ಲೂಮಿಯೆಯ (1646–1704) ಹೆಸರಿನಿಂದಲೇ ಶಾಸ್ತ್ರಜ್ಞರು ಇದನ್ನು ಪ್ಲುಮೇರಿಯಾ ಎಂದು ಕರೆದಿರುವರು.

ಎಲೆ ಉದುರಿದ ಕಾಲದಲ್ಲಿಯೂ ಈ ಮರವನ್ನು ಅದರ ಸೊಟ್ಟಕೊಂಬೆಗಳಿಂದಲೇ ಗುರುತಿಸಬಹುದು. ಕೊಂಬೆಯ ತುದಿಯಲ್ಲಿ ಹೂಗೊಂಚಲು ಬಂದ ಮೇಲೆ ಆ ಕೊಂಬೆಯು ನೇರವಾಗಿ ಮುಂದುವರಿಯದೆ ಪಕ್ಕದಿಂದ ಎರಡು ಮೂರು ಕವಲುಗಳಾಗಿ ಹೊರಡುವುದೇ ಈ ವಕ್ರತೆಗೆ ಕಾರಣವು. ಎಲೆಯ ತುದಿಯು ಚೂಪಾಗಿದ್ದು ಚಳಿಗಾಲದಲ್ಲಿ ಉದುರುವುದು ಒಂದು ಜಾತಿ. ತುದಿಯು ದುಂಡಾಗಿದ್ದು ಬಹುಮಟ್ಟಿಗೆ ವರ್ಷವೆಲ್ಲ ಹಸುರಾಗಿರುವುದು ಮತ್ತೊಂದು. ಹೆಸರಿನ ಹೋಲಿಕೆಯಿಂದ ಮೋಸಹೋಗಿ ಕಿರಿದಾದ ಎಲೆಯ ಕಣಗಿಲೆಯನ್ನು ತಂದು ದನಗಳು ಅಡ್ಡಾಡುವೆಡೆ ನೆಡಕೂಡದು. ಅದರ ಸೊಪ್ಪು ರಾಸುಗಳಿಗೆ ಪ್ರಾಣಾಂತಕವಾದ ವಿಷ.

ಬೀಜದ ಸಸಿಗಳು ತಾಯಿಮರದಂತೆಯೇ ಹೂಬಿಡುವುವೆಂಬ ಭರವಸೆಯಿಲ್ಲವಾದುದರಿಂದ ಕಡ್ಡಿಯಿಂದಲೇ ವೃದ್ಧಿಪಡಿಸುವುದು ಉತ್ತಮ. ಆದರೆ ಹಿಪ್ಪುನೇರಳೆಯ ಕಡ್ಡಿ ನೆಟ್ಟು ಪಳಗಿದ ರೈತರೇ ಇಲ್ಲಿ ಹೆಚ್ಚಾಗಿ ತಪ್ಪುವರು. ಹಿಪ್ಪುನೇರಳೆಯನ್ನು ಕಡಿದ ಕೂಡಲೆ ಒದ್ದೆನೆಲದಲ್ಲಿ ನೆಡುವುದು ವಾಡಿಕೆ. ದೇವಕಣಗಿಲೆಯನ್ನು ಹಾಗೆ ನೆಟ್ಟರೆ, ಹಾಲು ಸುರಿಯುವ ಗಾಯದ ಮೂಲಕ ಬುಡವು ಕೊಳೆತು, ಮೇಲೆ ಹಸುರು ಕಾಣುತ್ತಿರುವಾಗಲೇ ಕಡ್ಡಿ ಸಾಯುವುದು. ಆದಕಾರಣ ಫೆಬ್ರವರಿ ಮಾರ್ಚಿಯಲ್ಲಿ, ಬಲಿತು ಬೂದುಬಣ್ಣಕ್ಕೆ ತಿರುಗಿದ ಒಂದರಿಂದ ಒಂದೂವರೆ ಅಡಿಯ ತುದಿಕೊಂಬೆಯನ್ನು ಹರಿತವಾದ ಕತ್ತಿಯಿಂದ ಕೊಯ್ದು, ಎಲೆಗಳಿದ್ದರೆ ತೆಗೆದು, ನೆರಳಿನಲ್ಲಿ ಒಂದೆರಡು ವಾರ ಒಣಗಗೊಡಬೇಕು. ಹಾಲು ಕಣ್ಣಿಗೆ ತಾಗದಂತೆ ಎಚ್ಚರವಿರಲಿ.

ಗಾಯವು ಒಣಗಿ ಗಟ್ಟಿಯಾದ ಮೇಲೆ ಮೂರು ನಾಲ್ಕು ಅಂಗುಲ ಆಳಕ್ಕೆ ನೆಟ್ಟು, ಗಾಳಿಗೆ ಅಲುಗದಂತೆ ಊರುಗೋಲು ಕಟ್ಟತಕ್ಕದ್ದು. ನೀರು ಇಂಗುವ ಕೆಂಪು ಮರಳುಮಿಶ್ರಿತ ನೆಲವು ಯೋಗ್ಯ. ಎರೆಭೂಮಿಯಲ್ಲಾದರೆ ಮಣ್ಣಿನ ದಿಬ್ಬವನ್ನು ಮಾಡಿ ನೆಡಬೇಕು. ಚಿಗುರುವವರೆಗೆ ನೀರನ್ನು ಮಿತವಾಗಿ ಕೊಟ್ಟರೆ ಸಾಕು. ಏಪ್ರಿಲ್ ಮೇ ತಿಂಗಳ ಮಳೆಯ ವೇಳೆಗೆ ಬೇರು ಹಿಡಿದ ಕಡ್ಡಿಗೆ ಮುಂದೆ ಹೆಚ್ಚಿನ ಆರೈಕೆ ಬೇಕಿಲ್ಲ.

ಎಲೆಯ ಅಡಿಯಲ್ಲಿ ಕಿತ್ತಳೆಬಣ್ಣದ ಪುಡಿ ಕಂಡರೆ ಅದು ತುಕ್ಕುರೋಗ. ಉದುರಿದ ರೋಗಿಷ್ಠ ಎಲೆಗಳನ್ನು ಗುಡಿಸಿ ಸುಡತಕ್ಕದ್ದು, ಗೊಬ್ಬರದ ಗುಂಡಿಗೆ ಹಾಕಕೂಡದು.